ಕಬ್ಬನ್ ಪಾರ್ಕಿನಲ್ಲಿ ಹೆಕ್ಕಿದ ಬೀಜ ಅಳಿಲಿಗೆ ಕೊಡಬಹುದಾ? ಮೂರರಲ್ಲಿ ಒಂದು ಕಾಣಿಸ್ತಿಲ್ಲ

ಮೂರನೇ ಮಹಡಿ

ನಮಸ್ಕಾರ. ಮರ-ಗಿಡ ಗೊತ್ತಿರುವವರು ಇಲ್ಲಿ ಜಾಸ್ತಿ ಇದ್ದಾರೆ ಅಂತ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ನಾವಿರುವುದು ಬನಶಂಕರಿ ಎರಡನೇ ಹಂತದಲ್ಲಿ. ಪಕ್ಕದ ಸೈಟಿನ ತೆಂಗಿನ ಮರದ ಗರಿ ನಮ್ಮ ಬಾಲ್ಕನಿ ಗ್ರಿಲ್‌ಗೆ ಹತ್ತಿರ ಹತ್ತಿರ ಒಂದು ಮೊಳ ದೂರಕ್ಕೆ ಬರುತ್ತದೆ. ಅದರ ಮೇಲೆ ಓಡಿ ಬಂದು ಒಂದು ಅಳಿಲು ದಿನಾ ಒಳಗೆ ಹಾರುತ್ತದೆ. ಬಾಲ ಅರ್ಧವೇ ಇದೆ. ಬೆಕ್ಕಿಗೆ ಕೊಟ್ಟು ಬಂದಿರಬೇಕು. ಎರಡನೇ ಕ್ಲಾಸಿನ ನನ್ನ ಮಗಳು ಅದಕ್ಕೆ ಮೊಂಡಮ್ಮ ಅಂತ ಹೆಸರಿಟ್ಟಿದ್ದಾಳೆ. ಗಂಡೋ ಹೆಣ್ಣೋ ದೇವರಿಗೇ ಗೊತ್ತು.

ಇಲ್ಲಿವರೆಗೆ ಕಡಲೆಕಾಯಿ ಬೀಜ ಹಾಕುತ್ತಿದ್ದೆವು. ಒಂದು ದಿನ ಬೀಜ ಖಾಲಿಯಾಗಿತ್ತು, ಡಬ್ಬದಲ್ಲಿದ್ದ ಕಾಂಗ್ರೆಸ್ ಕಡಲೆಕಾಯಿ ಕೊಟ್ಟೆ. ತಿಂದು ಮೂತಿ ಒರೆಸಿಕೊಂಡಿದ್ದೇ ಒರೆಸಿಕೊಂಡಿದ್ದು. ಅತ್ತೆ ಚಪಾತಿ ಚೂರು ಹಾಕುತ್ತಾರೆ, ಅದನ್ನೂ ಬಿಡುವುದಿಲ್ಲ. ಮೊನ್ನೆ ಮಗಳು ಮೊಬೈಲಿನಲ್ಲಿ ಯಾವುದೋ ದೇಶದ ದಪ್ಪ ಅಳಿಲು ಕಾಡಿನ ಕಾಯಿ ಕಡಿಯುವುದನ್ನು ನೋಡಿದಳು. ಆವತ್ತಿಂದ ಒಂದೇ ಹಟ: ‘ಮೊಂಡಮ್ಮಂಗೆ ಅಂಗಡೀದು ಬೇಡ, ಮರದ್ದೇ ಬೇಕು.’

ಭಾನುವಾರ ಕಬ್ಬನ್ ಪಾರ್ಕಿಗೆ ಹೋದಾಗ ಒಂದು ಮರದ ಕೆಳಗೆ ಬೀಜ ಬಿದ್ದಿದ್ದವು. ಕಂದು ಬಣ್ಣ, ಪಾಲಿಶ್ ಹೊಡೆದ ಹಾಗೆ ಮಿಂಚುತ್ತವೆ. ಹಲಸಿನ ಬೀಜಕ್ಕಿಂತ ದಪ್ಪ, ಒಂದು ಬದಿ ಚಪ್ಪಟೆ. ಪಕ್ಕದಲ್ಲೇ ದೋಣಿ ಥರ ಬಾಯಿ ಬಿಟ್ಟ ದೊಡ್ಡ ಸಿಪ್ಪೆ, ಒಳಗೆ ಬೆಳ್ಳಗೆ ಸ್ಪಂಜಿನ ಹಾಗಿತ್ತು. ನಮ್ಮ ಯಜಮಾನರು ನೋಡಿದ ತಕ್ಷಣ ‘ಚೆಸ್ಟ್‌ನಟ್ ಇದು, ಫಾರಿನ್‌ನಲ್ಲಿ ಸುಟ್ಟು ತಿಂತಾರೆ’ ಅಂದರು. ಫೋಟೊ ಹಾಕಿ ಹುಡುಕಿದರೆ ಫೋನ್ ಕೂಡ ಚೆಸ್ಟ್‌ನಟ್ ಅಂತಲೇ ಹೇಳಿತು. ಮೂರು ತಂದು ಕರಟದಲ್ಲಿ ಹಾಕಿ ಬಾಲ್ಕನಿಯಲ್ಲಿಟ್ಟೆವು.

ಸೋಮವಾರ ಬೆಳಿಗ್ಗೆ ನೋಡಿದರೆ ಎರಡೇ ಇವೆ. ಆ ಎರಡರ ಮೇಲೆ ಹಲ್ಲಿನ ಗುರುತೂ ಇಲ್ಲ. ಮೊಂಡಮ್ಮ ಸೋಮವಾರ ಬರಲಿಲ್ಲ, ಇವತ್ತು ಮಂಗಳವಾರ ಮಧ್ಯಾಹ್ನ ಆದರೂ ಬಂದಿಲ್ಲ. ನನಗೆ ಹೊಟ್ಟೆಯಲ್ಲಿ ಹೇಗೋ ಆಗುತ್ತಿದೆ. ಅದು ನಿಜವಾಗಿ ಚೆಸ್ಟ್‌ನಟ್ಟಾ? ಇಲ್ಲ ಅಂದರೆ ಬೆಂಗಳೂರಿನಲ್ಲಿ ಮರದಿಂದ ಬಿದ್ದ ಯಾವ ಕಾಯಿ, ಯಾವ ಬೀಜ ಧೈರ್ಯವಾಗಿ ಕೊಡಬಹುದು?

ವೈರ್ ಹೋದವನು

ನಿಮ್ಮ ಅಳಿಲಿಗೆ ಏನೂ ಆಗಿಲ್ಲ ಮೇಡಂ, ನಮ್ಮನೆಗೆ ಬಂದಿದೆ. ಸುಮ್ನೆ ಹೇಳಿದೆ. ನಮ್ಮ ಏರಿಯಾದ ಅಳಿಲುಗಳಿಗೆ ಕಾಯಿ-ಬೀಜ ಏನೂ ಬೇಡ, ನನ್ನ ಇಂಟರ್ನೆಟ್ ವೈರ್ ಸಾಕು. ಒಂದು ವರ್ಷದಲ್ಲಿ ಮೂರು ಸಲ ಬದಲಾಯಿಸಿದ್ದೇನೆ. ಏಸಿಯ ಹೊರಗಿನ ಡಬ್ಬದ ಹಿಂದೆ ತೆಂಗಿನ ನಾರು, ಹರಿದ ಬನಿಯನ್, ನಮ್ಮ ಬಾಗಿಲ ಕಾಲೊರೆಸು ಎಲ್ಲ ಸೇರಿಸಿ ಗೂಡು ಮಾಡಿತ್ತು. ಮರಿ ಇದ್ದವು ಅಂತ ಎರಡು ತಿಂಗಳು ಏಸಿ ಹಾಕಲಿಲ್ಲ. ಅದೂ ಏಪ್ರಿಲ್‌ನಲ್ಲಿ!

ಮರದ ಕಾಯಿ ಕೊಡುವುದಾದರೆ ನೀರಿಗೆ ಹಾಕಿ ನೋಡಿ. ತೇಲಿದರೆ ಹಾಳು, ಮುಳುಗಿದರೆ ಒಳ್ಳೆಯದು. ನಮ್ಮಜ್ಜಿ ಬಿತ್ತನೆ ಬೀಜಕ್ಕೆ ಹಾಗೇ ಮಾಡುತ್ತಿದ್ದರು.

ಹೊಂಗೆ ನೆರಳು

ಮೂರನೇ ಮಹಡಿಯವರೇ, ಮೊದಲು ಒಂದು ಕೆಲಸ ಮಾಡಿ. ಅಳಿಲನ್ನು ಆಮೇಲೆ ಹುಡುಕೋಣ, ಮಗಳು ಸ್ಕೂಲಿನಿಂದ ಬಂದ ತಕ್ಷಣ ಅವಳನ್ನು ಕೇಳಿ. ಯಾಕೆ ಅಂತ ಹೇಳುತ್ತೇನೆ.

ನೀವು ಹೇಳಿದ ಬೀಜ ಚೆಸ್ಟ್‌ನಟ್ ಅಲ್ಲ. ಮೊರೆಟನ್ ಬೇ ಚೆಸ್ಟ್‌ನಟ್ ಅಂತ ಹೆಸರಷ್ಟೇ. ಸಸ್ಯಶಾಸ್ತ್ರದಲ್ಲಿ ಕ್ಯಾಸ್ಟನೋಸ್ಪರ್ಮಮ್ ಆಸ್ಟ್ರೇಲ್. ಆಸ್ಟ್ರೇಲಿಯಾದ ಮರ, ನಮ್ಮ ಅವರೆ-ತೊಗರಿಯ ಕುಟುಂಬದ್ದು. ಆ ದೋಣಿ ಥರದ ಸಿಪ್ಪೆ ಇದೆಯಲ್ಲ, ಅದೇ ಗುರುತು. ಅದು ಅವರೆಕಾಯಿ ಥರವೇ ಒಂದು ಕಾಯಿ, ಗಾತ್ರ ಮಾತ್ರ ಗೇಣುದ್ದ. ಒಳಗೆ ಮೂರರಿಂದ ಐದು ಬೀಜ. ನಿಜವಾದ ಚೆಸ್ಟ್‌ನಟ್ ಮುಳ್ಳುಮುಳ್ಳಾದ ಉಂಡೆಯೊಳಗೆ ಇರುತ್ತದೆ, ಮುಳ್ಳುಹಂದಿ ಮರಿಯ ಹಾಗೆ. ಬೀಜ ಮಾತ್ರ ತೋರಿಸಿದರೆ ಫೋನ್ ಮೋಸ ಹೋಗುವುದೇನೂ ದೊಡ್ಡದಲ್ಲ, ನಾನೂ ಹೋಗುತ್ತಿದ್ದೆ.

ಈ ಬೀಜ ಹಸಿಯಾಗಿ ವಿಷ. ಆಸ್ಟ್ರೇಲಿಯಾದಲ್ಲಿ ಇದನ್ನು ತಿಂದು ದನಗಳು ಸತ್ತಿವೆ. ಅಲ್ಲಿನ ಮೂಲನಿವಾಸಿಗಳು ತಿನ್ನುತ್ತಿದ್ದರು ನಿಜ, ಆದರೆ ಹೆಚ್ಚಿ, ದಿನಗಟ್ಟಲೆ ನೀರಿನಲ್ಲಿ ನೆನೆಸಿ ವಿಷ ಬಸಿದು, ಆಮೇಲೆ ಬೇಯಿಸಿ. ಮನುಷ್ಯರು ಹಸಿಯಾಗಿ ತಿಂದರೆ ವಾಂತಿ, ಭೇದಿ. ಮಗು ಕಚ್ಚಿದೆ ಅಂತ ಗೊತ್ತಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಉಳಿದ ಬೀಜವನ್ನು ಕವರಿಗೆ ಹಾಕಿಕೊಂಡು ಸೀದಾ ಆಸ್ಪತ್ರೆಗೆ ಹೋಗಿ.

ಮಗಳ ಮೇಲೆ ಅನುಮಾನ ಯಾಕೆ ಅಂದರೆ, ಆ ಬೀಜ ಹೆಚ್ಚುಕಮ್ಮಿ ಅಳಿಲಿನ ತಲೆಯಷ್ಟೇ ದಪ್ಪ. ನಮ್ಮ ಮೂರು ಪಟ್ಟೆಯ ಅಳಿಲಿನ ತೂಕ ಸುಮಾರು 100 ಗ್ರಾಂ. ನುಣುಪಾದ, ಅಷ್ಟು ದಪ್ಪದ್ದನ್ನು ಬಾಯಲ್ಲಿ ಕಚ್ಚಿಕೊಂಡು ತೆಂಗಿನ ಗರಿಗೆ ಹಾರುವುದು ಅದಕ್ಕೆ ಕಷ್ಟ. ಅಲ್ಲೇ ಕೂತು ತಿಂದಿದ್ದರೆ ಪುಡಿ, ಸಿಪ್ಪೆ ಬೀಳಬೇಕಿತ್ತು. ಅಲ್ವಾ? ಇನ್ನೊಂದು, ಮಿಂಚುವ ಬೀಜ ಮಕ್ಕಳ ಕೈಗೆ ಸಿಕ್ಕಿದರೆ ಎಲ್ಲಿರುತ್ತದೆ ಅಂತ ನನ್ನ ಮೊಮ್ಮಗನ ಚಡ್ಡಿ ಜೇಬು ನೋಡಿ ಕಲಿತಿದ್ದೇನೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನಾನು ವಿಜ್ಞಾನಿ ಅಲ್ಲ, 22 ವರ್ಷ ನರ್ಸರಿ ನಡೆಸಿದವನು. ಈಗ ಬೆಳಿಗ್ಗೆ ನಡೆಯುವುದು, ಬಿದ್ದ ಕಾಯಿ ಹೆಕ್ಕಿ ಮೊಳಕೆ ಹಾಕುವುದು, ಅಷ್ಟೇ. ನನ್ನ ಲೆಕ್ಕ ಒಂದೇ. ಕೈಯಲ್ಲಿರುವ ಬೀಜ ನೋಡಿ ಹೆಸರು ಹೇಳಬೇಡಿ, ತಲೆ ಎತ್ತಿ ಮರ ನೋಡಿ ಹೇಳಿ. ಎಲೆ, ತೊಗಟೆ, ಹೂವು, ಮರದಲ್ಲೇ ಇನ್ನೂ ನೇತಾಡುವ ಕಾಯಿ ನಾಲ್ಕೂ ಹೊಂದಬೇಕು. ಬೆಂಗಳೂರಿನಲ್ಲಿ ಇದು ಇನ್ನೂ ಮುಖ್ಯ. ಲಾಲ್‌ಬಾಗ್‌ಗೆ ಅದನ್ನು ನೋಡಿಕೊಳ್ಳುತ್ತಿದ್ದ ಕ್ಯಾಮರಾನ್, ಕ್ರುಂಬಿಗಲ್ ಅವರ ಕಾಲದಲ್ಲಿ ಎಲ್ಲೆಲ್ಲಿಂದಲೋ ಮರ ಬಂದವು, ಅಲ್ಲಿಂದ ರಸ್ತೆಗೆ, ಪಾರ್ಕಿಗೆ ಇಳಿದವು. ಒಂದೇ ರಸ್ತೆಯಲ್ಲಿ ಮೂರು ಖಂಡದ ಕಾಯಿ ಬಿದ್ದಿರುತ್ತವೆ. ಅಜ್ಜಿ ಹೇಳಿಕೊಟ್ಟ ಜ್ಞಾನ ಅರ್ಧಕ್ಕೇ ನಿಲ್ಲುತ್ತದೆ.

ಧೈರ್ಯವಾಗಿ ಕೊಡಬಹುದಾದ್ದು ನನ್ನ ಪ್ರಕಾರ ಬಾದಾಮಿ ಮರದ ಕಾಯಿ. ಅಂಗಡಿ ಬಾದಾಮಿಗೂ ಅದಕ್ಕೂ ಸಂಬಂಧ ಇಲ್ಲ, ಇದು ಮತ್ತಿ, ತಾರೆ ಮರಗಳ ನೆಂಟ. ಕೊಡೆ ಹರಡಿದ ಹಾಗೆ ಅಂತಸ್ತು ಅಂತಸ್ತಾಗಿ ಕೊಂಬೆ, ಅಂಗೈಗಿಂತ ದೊಡ್ಡ ಎಲೆ, ಉದುರುವ ಮುಂಚೆ ಎಲೆ ಕೆಂಪಾಗುತ್ತದೆ. ಹಳೇ ಸ್ಕೂಲುಗಳ ಅಂಗಳದಲ್ಲಿ ಇದ್ದೇ ಇರುತ್ತದೆ. ಕಾಯಿ ಕಲ್ಲಿನಿಂದ ಜಜ್ಜಿದರೆ ಒಳಗೆ ಕಡ್ಡಿಯಂಥ ಸಣ್ಣ ತಿರುಳು. ಚಿಕ್ಕಂದಿನಲ್ಲಿ ಇದನ್ನು ಜಜ್ಜಲು ಹೋಗಿ ಹೆಬ್ಬೆರಳು ಜಜ್ಜಿಕೊಳ್ಳದವರು ಯಾರಿದ್ದಾರೆ?

ಆದರೆ ಎಚ್ಚರ, ‘ಜಂಗ್ಲಿ ಬಾದಾಮಿ’ ಅಂತ ಇನ್ನೊಂದಿದೆ. ಹೂ ಬಿಟ್ಟರೆ ಇಡೀ ಬೀದಿ ಗಬ್ಬು ನಾರುತ್ತದೆ, ಪೀನಾರಿ ಅಂತಲೂ ಕರೆಯುತ್ತಾರೆ. ಎಲೆ ಹಸ್ತದ ಹಾಗೆ ಬೆರಳು ಬೆರಳಾಗಿರುತ್ತದೆ. ಕೆಂಪು ಗಟ್ಟಿ ಕಾಯಿ ಒಡೆದು ಕರಿಬೀಜ ಕಾಣಿಸುತ್ತವೆ, ನೋಡಲು ಚಂದ. ಹುರಿದು ತಿನ್ನುವವರಿದ್ದಾರೆ, ಹಸಿಯಾಗಿ ಬೇಡ. ಹೆಸರು ಬಾದಾಮಿ ಅಂತ ತಂದು ಸುರಿಯಬೇಡಿ.

ಕಣ್ಣೆತ್ತಿಯೂ ನೋಡಬಾರದ್ದು ಹಳದಿ ಕಣಗಿಲೆ. ದೇವಸ್ಥಾನದ ಕಾಂಪೌಂಡಿನಲ್ಲೇ ಇರುತ್ತದೆ, ಹಸಿರು ತ್ರಿಕೋನದ ಕಾಯಿ. ಅದರ ಬೀಜ ನೇರ ಹೃದಯಕ್ಕೆ ಹೊಡೆಯುತ್ತದೆ. ಔಡಲ, ಗುಲಗಂಜಿ ಬೀಜವೂ ವಿಷವೇ, ಮನೆಗೇ ತರಬೇಡಿ. ಹೊಂಗೆ ಬೀಜ ದೀಪದ ಎಣ್ಣೆಗೆ, ಹಿಂಡಿ ಗಿಡದ ಬುಡಕ್ಕೆ. ನನ್ನ ಹೆಸರಲ್ಲೇ ಹೊಂಗೆ ಇದ್ದರೂ ಅಳಿಲಿಗೆ ಬೇಡ. ಅಂಟುವಾಳ ತಲೆ ತೊಳೆಯುವುದಕ್ಕೆ. ಅಪಾರ್ಟ್‌ಮೆಂಟುಗಳಲ್ಲಿ ಅಂದಕ್ಕೆ ನೆಡುವ ಬೈನೆ ಮರದ ಹಣ್ಣು ಮುಟ್ಟಿದರೆ ಕೈಯೆಲ್ಲ ತುರಿಕೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಅಳಿಲು ವಿಡಿಯೊದಲ್ಲಿ ಬರುವ ಅಳಿಲಿನ ಹಾಗೆ ಬೀಜವನ್ನೇ ನಂಬಿ ಬದುಕುವುದಲ್ಲ. ಹಿಮಕ್ಕೆ ಕೂಡಿಡಬೇಕಾದ ಕಷ್ಟವೂ ಇಲ್ಲ. ಅತ್ತಿ, ಆಲ, ನೇರಳೆ, ಬೂರುಗದ ಹೂವಿನ ಮಕರಂದ, ತೊಗಟೆ ಸಂದಿಯ ಹುಳ ಎಲ್ಲ ತಿನ್ನುತ್ತದೆ. ಮಳೆಮರದ ಕಾಯಿ ಒಡೆದು ನೋಡಿ, ಒಳಗೆ ಬೆಲ್ಲದ ಪಾಕದ ಥರ ಅಂಟು. ಅದನ್ನು ಎರಡು ಕೈಯಲ್ಲಿ ಕೊಳಲು ಹಿಡಿದ ಹಾಗೆ ಹಿಡಿದು ಕೆರೆಯುತ್ತದೆ. ಗಸಗಸೆ ಹಣ್ಣಿನ ಮರ ಇದ್ದರಂತೂ ಅಲ್ಲೇ ಠಿಕಾಣಿ.

ಕಾಂಗ್ರೆಸ್ ಕಡಲೆಕಾಯಿ ನಮಗೆ ಇರಲಿ. ಉಪ್ಪು, ಖಾರ, ಎಣ್ಣೆ ಯಾವುದೂ ಅದಕ್ಕೆ ಬೇಡ. ಸಾದಾ ಹುರಿದ ಕಡಲೆಕಾಯಿ ಬೀಜವಾದರೂ ಲೆಕ್ಕ ನೋಡಿ: ಹತ್ತು ಬೀಜ ಅಂದರೆ ಸುಮಾರು 5 ಗ್ರಾಂ. 100 ಗ್ರಾಮಿನ ಪ್ರಾಣಿಗೆ ಅದು 60 ಕೆ.ಜಿ. ಮನುಷ್ಯ 3 ಕೆ.ಜಿ. ಕಡಲೆಕಾಯಿ ತಿಂದ ಹಾಗೆ. ದಿನಕ್ಕೆ ಎರಡು ಮೂರು ಸಾಕು.

ಮೂರನೇ ಮಹಡಿ

3 ಕೆ.ಜಿ. ಅಂತ ಓದಿ ಅತ್ತೆ ಕೈಯಲ್ಲಿದ್ದ ಚಪಾತಿ ಕೆಳಗಿಟ್ಟರು. ಎರಡು ಬೀಜವನ್ನು ಕವರಿಗೆ ಹಾಕಿ ಗಂಟು ಹಾಕಿದೆ. ಸ್ಕೂಲ್ ವ್ಯಾನ್ ಬರಲು ಇನ್ನೂ ಮುಕ್ಕಾಲು ಗಂಟೆ ಇದೆ. ಬಂದ ಮೇಲೆ ಬರೆಯುತ್ತೇನೆ.

ಕರಾವಳಿ ಕಡೆಯವಳು

ನಮ್ಮ ಕಡೆ ಒಂದು ಹೇಳಿಬಿಡುತ್ತೇನೆ ಮಾರಾಯ್ರೆ, ಯಾರಾದರೂ ಊರಿಗೆ ಹೋದವರು ಹಸಿ ಗೇರುಬೀಜ ತಂದು ಅಳಿಲಿಗೆ ಹಾಕಿಯಾರು. ಮರದಿಂದ ಬಿದ್ದ ಗೇರುಬೀಜದ ಸಿಪ್ಪೆಯಲ್ಲಿ ಸೊನೆ ಇರುತ್ತದೆ, ಚರ್ಮ ಸುಡುತ್ತದೆ. ಏಪ್ರಿಲ್ ರಜೆಯಲ್ಲಿ ಅಜ್ಜನ ಮನೆಯ ಹಿತ್ತಿಲಲ್ಲಿ ಒಣ ತರಗೆಲೆಗೆ ಬೆಂಕಿ ಹಾಕಿ ಬೀಜ ಸುಡುತ್ತಿದ್ದೆವು. ಟಪ್ ಟಪ್ ಅಂತ ಸಿಡಿದು ಎಣ್ಣೆ ಹಾರುತ್ತಿತ್ತು. ಅದೊಮ್ಮೆ ಗಲ್ಲಕ್ಕೆ ಬಿದ್ದು ಎರಡು ತಿಂಗಳು ಕಪ್ಪು ಕಲೆ ಇತ್ತು ನನಗೆ. ಸುಟ್ಟು ಸಿಪ್ಪೆ ತೆಗೆದ ತಿರುಳು ಬೇರೆ ಮಾತು, ಅದನ್ನು ಅಳಿಲಿಗೆ ಕೊಡುವಷ್ಟು ಉಳಿಸುವವರು ಯಾರು?

ನಮ್ಮಮ್ಮ ಮಾಡುವುದು ಬಹಳ ಸುಲಭ. ತೆಂಗಿನಕಾಯಿ ತುರಿದ ಮೇಲೆ ಕರಟದ ಅಂಚಿನಲ್ಲಿ ಸ್ವಲ್ಪ ಬಿಳಿ ಉಳಿಯುತ್ತದಲ್ಲ, ಅದನ್ನು ಹಾಗೇ ಸರಿಗೆಯಲ್ಲಿ ಕಿಟಕಿಗೆ ಕಟ್ಟುತ್ತಾರೆ. ಕಾಯಿಯೂ ಸಿಕ್ಕಿತು, ಕೆರೆಯಲು ಗಟ್ಟಿ ಕರಟವೂ ಸಿಕ್ಕಿತು. ಮರುದಿನ ತೆಗೆದು ಬಿಸಾಡುತ್ತಾರೆ, ಇಲ್ಲದಿದ್ದರೆ ಇರುವೆ.

ಹೊಂಗೆ ನೆರಳು

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಅಳಿಲಿನ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಸವೆಸಲು ಗಟ್ಟಿಯದು ಏನಾದರೂ ಬೇಕೇ ಬೇಕು. ವೈರ್ ಹೋದವರೇ, ನೀವೂ ಒಂದು ಕರಟ ಕಟ್ಟಿ ನೋಡಿ. ವೈರ್ ಉಳಿಯುತ್ತದೆ ಅಂತ ಗ್ಯಾರಂಟಿ ಕೊಡಲ್ಲ.

ನಿಮ್ಮ ತೇಲಿಸುವ ಪರೀಕ್ಷೆಗೆ ಒಂದು ತಿದ್ದುಪಡಿ. ಅವರೆ, ಹುರುಳಿಗೆ ಸರಿ. ಬಾದಾಮಿ ಮರದ ಕಾಯಿಗೆ ಅದು ನಡೆಯಲ್ಲ. ಅದು ಸಮುದ್ರ ತೀರದ ಮರ, ಕಾಯಿಯ ಹೊರಪದರ ಬೆಂಡಿನ ಹಾಗಿದ್ದು ನೀರಿನಲ್ಲಿ ತೇಲಿ ಬೇರೆ ದಡ ಸೇರುವುದೇ ಅದರ ಉಪಾಯ. ಒಳ್ಳೆಯದೂ ತೇಲುತ್ತದೆ. ಅದನ್ನು ಒಡೆದೇ ನೋಡಬೇಕು. ತಿರುಳು ಬೆಳ್ಳಗಿದ್ದು ಮುರಿದರೆ ಟಕ್ ಅನ್ನಬೇಕು. ಬೂದು, ಹಸಿರು ಬೂಷ್ಟು ಕಂಡರೆ ತೊಳೆದು ಒರೆಸಿ ಕೊಡುವ ಯೋಚನೆ ಬೇಡ, ಬಿಸಾಡಿ. ಬೂಷ್ಟು ಹಿಡಿದ ಕಡಲೆಕಾಯಿಗೂ ಇದೇ ಮಾತು, ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಆಗುತ್ತದೆ, ತೊಳೆದರೂ ಹುರಿದರೂ ಪೂರ್ತಿ ಹೋಗಲ್ಲ. ಬಾವಲಿ ಕಚ್ಚಿ ಉಗಿದ ಕಾಯಿ ಮರದ ಕೆಳಗೆ ರಾಶಿ ಇರುತ್ತವೆ, ಅವನ್ನು ಬರಿಗೈಯಲ್ಲಿ ಮುಟ್ಟದಿದ್ದರೆ ಒಳ್ಳೆಯದು.

ಜರ್ಸಿ ರಾಯರು

ನಾನು ನ್ಯೂಜರ್ಸಿಯಿಂದ. ಆ ವಿಡಿಯೊದ ದಪ್ಪ ಅಳಿಲು ಬಹುಶಃ ನಮ್ಮ ಹಿತ್ತಿಲಿನದೇ! ಬೂದು ಅಳಿಲು, ತೂಕದಲ್ಲಿ ನಿಮ್ಮ ಮೊಂಡಮ್ಮನ ಐದು ಪಟ್ಟು. ಅದು ಕಡಿಯುವುದು ಓಕ್ ಮರದ ಬೀಜ. ಅದರಲ್ಲೂ ಏನು ಲೆಕ್ಕಾಚಾರ ಅಂತೀರಿ! ಬಿಳಿ ಓಕ್ ಬೀಜ ಬಿದ್ದ ಕೂಡಲೇ ಮೊಳೆಯುತ್ತದೆ, ಅದಕ್ಕೆ ಅದನ್ನು ಅಲ್ಲೇ ತಿನ್ನುತ್ತದೆ, ಇಲ್ಲವೇ ಮೊಳಕೆಯ ತುದಿ ಕಡಿದು ಹೂಳುತ್ತದೆ. ಕೆಂಪು ಓಕ್ ಬೀಜ ಚಳಿಗಾಲ ಕಳೆದು ಮೊಳೆಯುವುದು, ಅದನ್ನು ಹಾಗೇ ಹೂಳುತ್ತದೆ. ನನ್ನ ಟೊಮೆಟೊ ಕುಂಡದಲ್ಲಿ ಪ್ರತಿ ವರ್ಷ ಎರಡು ಓಕ್ ಸಸಿ ಏಳುತ್ತವೆ.

ಹೊಂಗೆ ನೆರಳಿನವರು ಹೇಳಿದ ಮೋಸ ಇಲ್ಲೂ ಇದೆ. ಹಾರ್ಸ್ ಚೆಸ್ಟ್‌ನಟ್ ಅಂತ ಪಾರ್ಕುಗಳಲ್ಲಿ ಬೀಳುತ್ತದೆ, ತಿನ್ನುವ ಚೆಸ್ಟ್‌ನಟ್ ಹಾಗೇ ಮಿಂಚುತ್ತದೆ, ಅದು ವಿಷ. ಬಂದ ಹೊಸದರಲ್ಲಿ ನಾನು ಒಂದು ಚೀಲ ಹೆಕ್ಕಿ ತಂದು ಹಲಸಿನ ಬೀಜದ ಸಾರಿನ ಹಾಗೆ ಮಾಡೋಣ ಅಂತ ಹೆಂಡತಿಗೆ ಕೊಟ್ಟಿದ್ದೆ. ಪಕ್ಕದ ಮನೆ ಅಜ್ಜಿ ನೋಡಿ ಕೂಗಿಕೊಂಡಳು. ಈಗಲೂ ಸಾರು ಅಂದರೆ ಹೆಂಡತಿ ನನ್ನ ಮುಖ ನೋಡುತ್ತಾಳೆ.

ಅಂದ ಹಾಗೆ ಬೆಂಗಳೂರಿನಲ್ಲಿ ಸಿಲ್ವರ್ ಓಕ್ ಜಾಸ್ತಿ ಅಲ್ವಾ, ಅದರ ಬೀಜ ಕೊಡಬಹುದೇ?

ಹೊಂಗೆ ನೆರಳು

ರಾಯರೇ, ಸಿಲ್ವರ್ ಓಕ್ ಓಕೇ ಅಲ್ಲ. ಅದೂ ಆಸ್ಟ್ರೇಲಿಯಾದಿಂದ ಬಂದಿದ್ದು, ಕಾಫಿ ತೋಟದಲ್ಲಿ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲಿಕ್ಕೆ ಹಾಕುತ್ತಾರೆ. ಬೀಜ ಕಾಗದದಂತೆ ತೆಳು, ರೆಕ್ಕೆ ಇರುತ್ತದೆ, ಅಳಿಲಿಗೆ ಹಲ್ಲಿಗೂ ಸಾಲದು. ಹೂ ಬಿಟ್ಟಾಗ ಮಾತ್ರ ಬಂದು ಮೂತಿ ಇಟ್ಟು ಜೇನು ಕುಡಿಯುತ್ತದೆ.

ಮೂರನೇ ಮಹಡಿ

ಸಿಕ್ಕಿತು!

ವ್ಯಾನಿನಿಂದ ಇಳಿಯುವಾಗಲೇ ಕೇಳಿದೆ. ‘ಯಾವ ಬೀಜ?’ ಅಂದಳು. ಆ ಮುಖ ನೋಡಿಯೇ ಗೊತ್ತಾಯಿತು. ಪೆನ್ಸಿಲ್ ಬಾಕ್ಸಿನಲ್ಲಿ ರಬ್ಬರ್ ಇಡುವ ಜಾಗದಲ್ಲಿ ಇತ್ತು. ಕಣ್ಣು, ಮೂತಿ, ಮೂರು ಪಟ್ಟೆ ಎಲ್ಲ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಾಳೆ. ಅರ್ಧ ಬಾಲ ಕೂಡ. ‘ಮೊಂಡಮ್ಮ ಸ್ಕೂಲಿಗೆ ಬರಲ್ಲ ಅಲ್ವಾ, ಅದಕ್ಕೆ’ ಅಂತೆ. ಬಾಯಿಗೆ ಹಾಕಿಲ್ಲ, ಅಕ್ಕಪಕ್ಕದವರಿಗೂ ಕೊಟ್ಟಿಲ್ಲ ಅಂತ ನಾಲ್ಕು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಬೀಜದ ಮೇಲೂ ಹಲ್ಲಿನ ಗುರುತು ಇಲ್ಲ. ಕೈಗೆ ಎರಡು ಸಲ ಸೋಪು ಹಾಕಿಸಿದೆ. ಯಜಮಾನರು ಆಫೀಸಿನಿಂದ ಫೋನ್ ಮಾಡಿ ‘ಚೆಸ್ಟ್‌ನಟ್ ಅಂತ ನಾನು ಖಂಡಿತ ಹೇಳಿರಲಿಲ್ಲ’ ಅಂತಿದ್ದಾರೆ.

ಸಂಜೆ ಇಬ್ಬರೂ ಹಿಂದಿನ ಬೀದಿಯ ಸ್ಕೂಲಿನ ಹತ್ತಿರ ಹೋದೆವು. ಬಾದಾಮಿ ಮರ ಅಲ್ಲಿತ್ತು, ಇಷ್ಟು ವರ್ಷ ಅದರ ಕೆಳಗೇ ಗಾಡಿ ನಿಲ್ಲಿಸುತ್ತಿದ್ದೆ. ನೀವು ಹೇಳಿದ ಹಾಗೆ ಮೊದಲು ಎಲೆ ನೋಡಿದೆವು, ಎರಡು ಕೆಂಪಗಾಗಿದ್ದವು. ತೊಗಟೆ ಅವಳು ನೋಡಿದಳು. ಕಾಯಿ ಮೇಲೂ ಇತ್ತು, ಕೆಳಗೂ ಇತ್ತು. ಒಂದು ಪ್ಲಾಸ್ಟಿಕ್ ಕವರ್ ಕೈಗೆ ಸುತ್ತಿಕೊಂಡು, ಬಾವಲಿ ಮುಟ್ಟದ ಒಣ ಕಾಯಿ ಏಳು ಹೆಕ್ಕಿದೆ. ಕಲ್ಲಿನ ಒರಳಲ್ಲಿಟ್ಟು ಜಜ್ಜಿದರೆ ಒಂದು ಹಾರಿ ಫ್ರಿಜ್ ಕೆಳಗೆ ಹೋಯಿತು. ಎರಡರಲ್ಲಿ ಬೂಷ್ಟು. ಉಳಿದ ನಾಲ್ಕರಿಂದ ಬಂದ ತಿರುಳು ಒಂದು ಟೀ ಚಮಚ ಕೂಡ ತುಂಬಲಿಲ್ಲ. ಅತ್ತೆ ಒಂದು ಬಾಯಿಗೆ ಹಾಕಿಕೊಂಡು ‘ಚೆನ್ನಾಗಿದೆ, ಇದನ್ನ ಅಳಿಲಿಗೆ ಹಾಕ್ತೀಯಾ?’ ಅಂದರು.

ಎರಡು ತಿರುಳು ಇಟ್ಟಿದ್ದೇನೆ, ಪಕ್ಕದಲ್ಲಿ ಮಣ್ಣಿನ ತಟ್ಟೆಯಲ್ಲಿ ನೀರು. ಕರಟವನ್ನೂ ಕಟ್ಟಿದೆ.

ಹೊಂಗೆ ನೆರಳು ಸರ್, ಆ ಮೂರು ಬೀಜ ಏನು ಮಾಡಲಿ? ಎರಡನ್ನು ಎಸೆಯಬಹುದು. ಕಣ್ಣು ಮೂತಿ ಇರುವುದನ್ನು ಎಸೆಯಲು ಬಿಡುತ್ತಿಲ್ಲ.

ಹೊಂಗೆ ನೆರಳು

ಎಸೆಯುವುದಾದರೆ ಹಾಳೆಯಲ್ಲಿ ಸುತ್ತಿ, ದನ-ನಾಯಿ ಬಾಯಿ ಹಾಕದ ಹಾಗೆ. ಕಣ್ಣು ಮೂತಿ ಇರುವುದನ್ನು ಕುಂಡದಲ್ಲಿ ಅರ್ಧ ಹೂಳಿ, ಮೇಲೆ ಜಾಲರಿ ಮುಚ್ಚಿ, ದಿನಾ ಸ್ವಲ್ಪ ನೀರು. ತಾಜಾ ಇದ್ದರೆ ಕೆಲವು ವಾರದಲ್ಲಿ ಮಧ್ಯಕ್ಕೆ ಸೀಳಿ ಸಸಿ ಬರುತ್ತದೆ, ಎರಡು ಹೋಳು ಮಣ್ಣಿನ ಮೇಲೇ ಕೂತಿರುತ್ತವೆ. ಆಮೇಲೆ ಬಾಲ್ಕನಿಯಲ್ಲಿ ಇಟ್ಟುಕೊಳ್ಳಬೇಡಿ, ದೊಡ್ಡ ಮರ ಅದು. ನನಗೆ ತಂದುಕೊಡಿ, ಜಾಗ ನೋಡೋಣ.

ಮೂರನೇ ಮಹಡಿ

ಬುಧವಾರ ಬೆಳಿಗ್ಗೆ 6.40. ಮೊಂಡಮ್ಮ ಬಂದಿದ್ದಾಳೆ. ಬಾದಾಮಿ ಮೂಸಿ ನೋಡಿ ಬಿಟ್ಟಳು. ಈಗ ಕಾಲೊರೆಸಿನ ನಾರು ಎಳೆಯುತ್ತಿದ್ದಾಳೆ. ವೈರ್ ಹೋದವರೇ, ಮರಿ ಅಂದರೆ ಎರಡು ತಿಂಗಳು ಅಂದಿರಲ್ಲ, ವಾಶಿಂಗ್ ಮೆಷಿನ್‌ಗೂ ಅಷ್ಟೇನಾ?